ರಾತ್ರಿ ಮನೆ ನಡುಗಿತು, ಮಗುವನ್ನೆತ್ತಿಕೊಂಡು ಓಡಿಬಿಟ್ಟೆ. ಮಾಡಿದ್ದು ಸರಿಯಾ?

ಪ್ರಶ್ನೆ:

ಕಳೆದ ಶುಕ್ರವಾರ ರಾತ್ರಿ ಒಂದೂವರೆ ಹೊತ್ತಿಗೆ ನಮ್ಮಲ್ಲಿ ಭೂಮಿ ನಡುಗಿತು. ತೀವ್ರತೆ ಐದಕ್ಕಿಂತ ಸ್ವಲ್ಪ ಕಡಿಮೆ ಅಂತ ಸುದ್ದಿಯಲ್ಲಿ ಬಂತು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಅತ್ತೆಗೂ ಇದು ಮೊದಲನೆಯದು. ಮೊದಲು ಭಾರದ ಲಾರಿ ಹೋದಂಥ ಸದ್ದು, ಅದರ ಹಿಂದೆಯೇ ಬೀರುವಿನ ಬಾಗಿಲು ತಾನಾಗಿ ಬಡಿದುಕೊಳ್ಳತೊಡಗಿತು. ಏನಾಗುತ್ತಿದೆ ಎಂದು ಗೊತ್ತಾಗದೆ ಆರು ವರ್ಷದ ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಮೂರು ಮಹಡಿ ಇಳಿದುಬಿಟ್ಟೆ. ಅತ್ತೆ ಮೇಲೆಯೇ ಇದ್ದಾರೆ ಅನ್ನುವುದು ನೆನಪಾದದ್ದು ಕೆಳಗೆ ಬಂದಮೇಲೆ. ಯಾರಿಗೂ ಏನೂ ಆಗಿಲ್ಲ. ಆದರೆ ಅಂದಿನಿಂದ ಮಗಳು ಒಬ್ಬಳೇ ಮಲಗುತ್ತಿಲ್ಲ. ನನಗೆ ಸುಮ್ಮನೆ ಕೂತಾಗಲೂ ಕುರ್ಚಿ ಅಲ್ಲಾಡಿದ ಹಾಗಾಗುತ್ತದೆ. ಹಾಲಿನ ಗೋಡೆಯಲ್ಲಿ ಒಂದು ಬಿರುಕು ಬೇರೆ ಕಾಣಿಸಿದೆ. ಇದಕ್ಕಿಂತ ದೊಡ್ಡದು ಬರುತ್ತದಾ? ಬಂದರೆ ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೆಟ್ಟಿಲಲ್ಲಿ ಬಿದ್ದವನು:

ಅತ್ತೆಯನ್ನು ಬಿಟ್ಟು ಬಂದೆ ಅಂತ ಕೊರಗಬೇಡಿ ಮೇಡಂ. ನಾನು ಹೆಂಡತಿಯನ್ನೇ ಬಿಟ್ಟು ಓಡಿದವನು. ನಾಲ್ಕು ವರ್ಷವಾಯಿತು, ಇವತ್ತಿಗೂ ಮನೆಗೆ ಯಾರಾದರೂ ಬಂದರೆ ಆ ಕಥೆ ಒಂದು ಸಲ ಆಗಲೇಬೇಕು.

ನಮ್ಮದೂ ಭೂಕಂಪ ಅಂದರೆ ಟೀವಿಯಲ್ಲಿ ನೋಡುವುದು ಅಂದುಕೊಂಡಿದ್ದ ಜಾಗವೇ. ಮೇಲಿನ ಮನೆಯವರು ಏನೋ ದೊಡ್ಡ ಸಾಮಾನು ಎಳೆಯುತ್ತಿದ್ದಾರೆ ಎಂದುಕೊಂಡೆ. ಕಿಟಕಿ ಗಾಜು ಗಡಗಡ ಅಂದಾಗ ಎದ್ದು ಓಟ. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ಹೊರಳಿ ಪಾದದ ಮೂಳೆ ಸೀಳಿತು, ಆರು ವಾರ ಪ್ಲಾಸ್ಟರ್. ಎರಡು ನಿಮಿಷವಾದರೂ ಅಲ್ಲಾಡಿರಬೇಕು ಅಂತ ಎಲ್ಲರಿಗೂ ಹೇಳುತ್ತಿದ್ದೆ. ಆಮೇಲೆ ಎದುರುಮನೆಯವರ ಸಿಸಿಟಿವಿ ತೆಗೆದು ನೋಡಿದರೆ, ಗೇಟು ಅಲ್ಲಾಡಿದ್ದು ಒಟ್ಟು ಹನ್ನೊಂದು ಸೆಕೆಂಡ್. ಅಂದರೆ ನಾನು ಬೀಳುವ ಹೊತ್ತಿಗೆ ಭೂಮಿ ನಿಂತುಹೋಗಿತ್ತು! ಭೂಕಂಪದಿಂದ ನನಗೇನೂ ಆಗಲಿಲ್ಲ, ಆದದ್ದೆಲ್ಲ ಮೆಟ್ಟಿಲಿಂದ.

ನಿಮಗೆ ಮೊದಲು ಕೇಳಿಸಿದ ಆ ಲಾರಿ ಸದ್ದು ಇದೆಯಲ್ಲ, ಅದು ಮುಂದೆ ಓಡಿಬರುವ ಅಲೆಯದು. ಭೂಮಿಯ ಮೇಲ್ಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗ. ಮನೆಯನ್ನು ಜೋರಾಗಿ ಅಲ್ಲಾಡಿಸುವ ಎರಡನೇ ಅಲೆ ಹೆಚ್ಚು ಕಡಿಮೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಎರಡರ ನಡುವೆ ಸಿಗುವ ಒಂದೊಂದು ಸೆಕೆಂಡಿಗೂ ಕೇಂದ್ರ ಸುಮಾರು ಎಂಟು ಕಿಲೋಮೀಟರ್ ದೂರ ಅಂತ ಲೆಕ್ಕ ಹಾಕಬಹುದು. ಹತ್ತಿರದ ಕಂಪನವಾದರೆ ಸಿಗುವುದು ಮೂರು ನಾಲ್ಕು ಸೆಕೆಂಡ್. ಗಟ್ಟಿ ಮೇಜಿನ ಕೆಳಗೆ ನುಗ್ಗಿ ಅದರ ಕಾಲು ಹಿಡಿದುಕೊಳ್ಳಲು ಅಷ್ಟು ಸಾಕು, ಮೂರು ಮಹಡಿ ಇಳಿಯಲು ಸಾಲದು. ಮಲಗಿದ್ದರೆ ಏಳಲೇಬೇಡಿ, ದಿಂಬಿನಿಂದ ತಲೆ ಕತ್ತು ಮುಚ್ಚಿಕೊಂಡು ಬೋರಲಾಗಿ ಮಲಗಿ. ಲಿಫ್ಟ್ ಕಡೆ ತಿರುಗಿಯೂ ನೋಡಬೇಡಿ. ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿ ಅಂತ ಈಗಲೂ ಹೇಳುವವರಿದ್ದಾರೆ. ಅದು ಹಳೇ ಮಣ್ಣಿನ ಮನೆಗಳ ಕಾಲದ ಮಾತು. ಈಗಿನ ಮನೆಗಳಲ್ಲಿ ಚೌಕಟ್ಟಿಗೆ ವಿಶೇಷ ಬಲವೇನಿಲ್ಲ, ಬಾಗಿಲು ಬಡಿದು ಬೆರಳು ಜಜ್ಜಿಕೊಳ್ಳುತ್ತೀರಿ ಅಷ್ಟೇ.

ಹೊರಗೆ ಹೋದರೆ ಸೇಫ್ ಅನ್ನುವುದೂ ಪೂರ್ತಿ ನಿಜವಲ್ಲ. 2011ರ ಮೇ 11ರಂದು ಸ್ಪೇನಿನ ಲೋರ್ಕಾದಲ್ಲಿ 5.1 ತೀವ್ರತೆಯ ಕಂಪನವಾಯಿತು, ಒಂಬತ್ತು ಜನ ಸತ್ತರು. ಹೆಚ್ಚಿನವರ ಪ್ರಾಣ ಹೋದದ್ದು ಕಟ್ಟಡಗಳ ತುದಿಯಿಂದ ಪ್ಯಾರಪೆಟ್ ಮತ್ತು ಮುಂಭಾಗದ ಕಲ್ಲು ಇಟ್ಟಿಗೆ ಬೀದಿಗೆ ಬಿದ್ದು. ನಿಮ್ಮ ಕಟ್ಟಡದ ಮುಂಬಾಗಿಲಿಗೆ ನೇರ ಮೇಲೆ ಏನಿದೆ, ಒಮ್ಮೆ ತಲೆಯೆತ್ತಿ ನೋಡಿ. ನಮ್ಮದರಲ್ಲಿ ಹದಿನಾಲ್ಕು ಹೂಕುಂಡ ಇದ್ದವು.

ಹಳೇ ಮನೆಯವರು:

ಮೇಲಿನವರ ಮಾತು ಪೂರ್ತಿ ಒಪ್ಪಲಾರೆ. ಎಲ್ಲ ಮನೆಗೂ ಒಂದೇ ಸಲಹೆ ಕೊಡಬಾರದು. ಮಹಾರಾಷ್ಟ್ರದ ಕಿಲ್ಲಾರಿಯನ್ನು ನೆನಪಿಸಿಕೊಳ್ಳಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56, ತೀವ್ರತೆ 6.2. ದೇಶದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ ಅಂತ ಗುರುತಿಸಿದ್ದ ಜಾಗ ಅದು. ಹತ್ತು ಸಾವಿರದ ಹತ್ತಿರ ಜನ ಹೋದರು. ಮಣ್ಣಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ತುಂಬಿದ ಭಾರದ ಮಾಳಿಗೆ, ಮಲಗಿದ್ದವರ ಮೇಲೆ ಅಷ್ಟೂ ಬಿತ್ತು. ಅಂಥ ಮಾಳಿಗೆಯ ಕೆಳಗೆ ಮೇಜು ಏನು ಮಾಡೀತು? (2002ರಲ್ಲಿ ಆ ‘ಒಂದನೇ ವಲಯ’ವನ್ನು ನಕ್ಷೆಯಿಂದಲೇ ತೆಗೆದುಹಾಕಿದರು. ಪೂರ್ತಿ ನಿರಪಾಯ ಅನ್ನುವ ಜಾಗ ಈಗ ಕಾಗದದ ಮೇಲೂ ಇಲ್ಲ.)

ಹಾಗಾಗಿ ನೆಲಮಟ್ಟದ ಮಣ್ಣು ಕಲ್ಲಿನ ಮನೆ, ನಾಲ್ಕು ಹೆಜ್ಜೆಗೆ ಬಾಗಿಲು, ಹೊರಗೆ ಬಯಲು ಇದ್ದರೆ ಹೊರಗೆ ಹೋಗುವುದೇ ಸರಿ. ಕೇಳಿದವರು ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿಯಲ್ಲಿದ್ದರೆ ಮಾತ್ರ ಮೇಲಿನವರು ಹೇಳಿದ್ದೇ ಸರಿ.

ಮೆಟ್ಟಿಲಲ್ಲಿ ಬಿದ್ದವನು:

ಒಪ್ಪಿದೆ ಸರ್. ನಾನು ನನ್ನ ಮನೆಯನ್ನಷ್ಟೇ ಮನಸ್ಸಲ್ಲಿಟ್ಟುಕೊಂಡು ಬರೆದೆ.

ಕಟ್ಟಡದ ಕೆಲಸದವನು:

ಬಿರುಕಿನ ಬಗ್ಗೆ ಹೇಳುತ್ತೇನೆ. ಹೋದ ಸಲ ಕಂಪನವಾದಾಗ ಎರಡು ವಾರ ನನಗೆ ಇದೇ ಕೆಲಸ, ಮನೆ ಮನೆ ಸುತ್ತಿ ಬಿರುಕು ನೋಡುವುದು.

ಗೋಡೆ ತೊಲೆಗೆ ಅಥವಾ ಕಂಬಕ್ಕೆ ಸೇರುವ ಕಡೆ ನೇರವಾಗಿ ಹೋದ ಕೂದಲೆಳೆಯ ಗೆರೆಯಾದರೆ ಸಾಮಾನ್ಯವಾಗಿ ಗಾಬರಿ ಬೇಡ. ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ಕಂಬ ಎರಡೂ ಬೇರೆ ಬೇರೆ ರೀತಿ ಅಲ್ಲಾಡುತ್ತವೆ, ಸೇರುವಲ್ಲಿ ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ. ಯೋಚಿಸಬೇಕಾದದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದದ್ದು, ಎರಡು ಓರೆ ಬಿರುಕು ಸೇರಿ ಗುಣಾಕಾರದ ಗುರುತಿನಂತೆ ಆದದ್ದು, ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲವಾದದ್ದು, ಅಥವಾ ಗೋಡೆಯ ಆಚೆ ಬದಿಯಲ್ಲೂ ಕಾಣುವುದು. ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ: ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ವಾರ ಬಿಟ್ಟು ಗೆರೆ ದಾಟಿದೆಯಾ ನೋಡಿ. ಮೊನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಹಿಡಿಯುತ್ತಿದೆಯಾ, ಅದನ್ನೂ ನೋಡಿ.

ನಿಮ್ಮ ಮನೆಗಿಂತ ಮುಖ್ಯವಾಗಿ ಕೆಳಗಿಳಿದು ಪಾರ್ಕಿಂಗ್ ನೋಡಬೇಕು. ಕೆಳಗೆ ಗೋಡೆಯಿಲ್ಲದೆ ಬರೀ ಕಂಬದ ಮೇಲೆ ನಿಂತ ಕಟ್ಟಡವಾದರೆ ಅಲುಗಾಟದ ಭಾರವೆಲ್ಲ ಆ ಕಂಬಗಳಿಗೇ ಬೀಳುತ್ತದೆ. ಟಾರ್ಚ್ ಹಿಡಿದು ಒಂದೊಂದು ಕಂಬದ ಬುಡ, ತುದಿ ನೋಡಿ. ಕಾಂಕ್ರೀಟ್ ಚಕ್ಕೆ ಎದ್ದಿದ್ದರೆ, ಒಳಗಿನ ಕಬ್ಬಿಣ ಕಂಡರೆ, ಆ ಕ್ಷಣವೇ ಎಲ್ಲರನ್ನೂ ಕೆಳಗಿಳಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳುವವರೆಗೆ ಒಳಗೆ ಹೋಗಬೇಡಿ. ದಯವಿಟ್ಟು ಪೇಂಟರನ್ನು ಮೊದಲು ಕರೆಯಬೇಡಿ. ನಾನು ಹೋದ ಅರ್ಧ ಮನೆಗಳಲ್ಲಿ ಪುಟ್ಟಿ ಹಚ್ಚಿ ಮುಗಿಸಿಬಿಟ್ಟಿದ್ದರು, ನೋಡಲು ಏನೂ ಉಳಿದಿರಲಿಲ್ಲ.

ಬಾಗಿಲು ಬಡಿದುಕೊಂಡ ಆ ಬೀರುವನ್ನು ಮೂಲೆ ಪಟ್ಟಿ ಹಾಕಿ ಗೋಡೆಗೆ ಬಿಗಿಸಿ. ಈ ಸಲ ಬಾಗಿಲಷ್ಟೇ ಬಡಿಯಿತು.

ಲೆಕ್ಕದ ಮನುಷ್ಯ:

ದೊಡ್ಡದು ಬರುತ್ತದಾ ಅಂದರೆ, ಖಂಡಿತ ಇಲ್ಲ ಅಂತ ಯಾರೂ ಬರೆದುಕೊಡಲಾರರು. ಒಂದು ಕಂಪನದ ನಂತರದ ವಾರದಲ್ಲಿ ಅದಕ್ಕಿಂತ ದೊಡ್ಡದು ಬರುವ ಸಾಧ್ಯತೆ ನೂರಕ್ಕೆ ಐದರಷ್ಟು ಅಂತ ಹಿಂದಿನ ದಾಖಲೆಗಳಿಂದ ಅಂದಾಜಿಸಿದ್ದಾರೆ. ಮೇಲೆ ಹೇಳಿದ ಲೋರ್ಕಾದಲ್ಲಿ ಆದದ್ದು ಅದೇ: ಎರಡು ಗಂಟೆಗೂ ಕಡಿಮೆ ಅಂತರದಲ್ಲಿ ಮೊದಲು 4.5, ಆಮೇಲೆ 5.1. ಉಳಿದ ತೊಂಬತ್ತೈದು ಸಲ ಬರುವುದೆಲ್ಲ ಚಿಕ್ಕವು. ಅವುಗಳಲ್ಲಿ ಅತಿ ದೊಡ್ಡದೂ ಸರಾಸರಿಯಲ್ಲಿ ಮೂಲದ್ದಕ್ಕಿಂತ 1.2 ಅಂಕ ಕಡಿಮೆ. ಒಂದು ಅಂಕ ಇಳಿದರೆ ಶಕ್ತಿ ಸುಮಾರು 32 ಪಟ್ಟು ಇಳಿಯುತ್ತದೆ, ಗೊತ್ತಿರಲಿ. ಸಂಖ್ಯೆಯೂ ಬೇಗ ಕುಗ್ಗುತ್ತದೆ, ಹತ್ತನೇ ದಿನಕ್ಕೆ ಮೊದಲ ದಿನದ ಹತ್ತರಲ್ಲೊಂದು ಪಾಲು.

ಅಭ್ಯಾಸವಿಲ್ಲದ ಕಡೆ ಕಂಪನ ಜಾಸ್ತಿ ದೂರ ಗೊತ್ತಾಗುವುದಕ್ಕೂ ಕಾರಣವಿದೆ. ಅಂಥ ಕಡೆ ನೆಲದಡಿಯ ಬಂಡೆ ಹಳೆಯದು, ತಣ್ಣಗಿನದು, ಗಟ್ಟಿ. ಅಲೆ ಸವೆಯದೆ ಸಾಗುತ್ತದೆ. 2011ರ ಆಗಸ್ಟ್ 23ರಂದು ಅಮೆರಿಕದ ವರ್ಜೀನಿಯಾದಲ್ಲಿ 5.8 ಆದಾಗ ಕೆನಡಾದವರೆಗೂ ಜನಕ್ಕೆ ಗೊತ್ತಾಯಿತು. ನೂರು ಕಿಲೋಮೀಟರಿಗೂ ಆಚೆ ಇದ್ದ ವಾಷಿಂಗ್ಟನ್ ಸ್ಮಾರಕ ಬಿರುಕುಬಿಟ್ಟು 2014ರವರೆಗೆ ಮುಚ್ಚಿತ್ತು.

‘ಇವತ್ತು ರಾತ್ರಿ 3.20ಕ್ಕೆ ಮತ್ತೆ’ ಅನ್ನುವ ವಾಟ್ಸಾಪ್ ಆಡಿಯೋ ನಿಮಗೂ ಬಂದೇ ಬರುತ್ತದೆ. ಗಂಟೆ ನಿಮಿಷ ಹೇಳಿದ್ದಾರೆ ಅಂದರೆ ಸುಳ್ಳು. ಅದನ್ನು ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ.

ಇಬ್ಬರು ಮಕ್ಕಳ ತಾಯಿ:

ಅಕ್ಕ, ಕುರ್ಚಿ ಅಲ್ಲಾಡಿದ ಹಾಗಾಗುವುದು ನನಗೂ ಮೂರು ವಾರ ಇತ್ತು. ಹುಚ್ಚು ಹಿಡಿಯಿತೇನೋ ಅಂದುಕೊಂಡಿದ್ದೆ. ಜಪಾನಿನಲ್ಲಿ ಇದಕ್ಕೊಂದು ಹೆಸರೇ ಇದೆಯಂತೆ, ‘ಜಿಶಿನ್ ಯೋಯಿ’, ಭೂಕಂಪದ ಅಮಲು ಅಂತ ಅರ್ಥ. ನಾನು ಮಾಡಿದ್ದು ಇಷ್ಟೇ: ಅರ್ಧ ನೀರು ತುಂಬಿದ ಬಾಟಲಿಯನ್ನು ಮಂಚದ ಪಕ್ಕ ಇಟ್ಟುಕೊಂಡೆ. ಅಲ್ಲಾಡಿತು ಅನ್ನಿಸಿದಾಗ ಬಾಟಲಿ ನೋಡುವುದು. ನೀರಿನ ಮೇಲ್ಭಾಗ ಕದಲದೆ ಇದ್ದರೆ ಅಲ್ಲಾಡಿದ್ದು ನಾನು, ಮನೆಯಲ್ಲ. ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದವಳು ಕೊನೆಗೆ ನೋಡುವುದನ್ನೇ ಮರೆತೆ.

ಮಗಳಿಗೆ ‘ಏನೂ ಆಗಲ್ಲ’ ಅನ್ನಬೇಡಿ, ಆದದ್ದನ್ನು ಅವಳೇ ಕಂಡಿದ್ದಾಳೆ. ನಾವು ಆಮೆ ಆಟ ಆಡಿದೆವು. ಯಾರಾದರೂ ‘ಆಮೆ’ ಅಂದ ಕೂಡಲೇ ಎಲ್ಲರೂ ಮೇಜಿನ ಕೆಳಗೆ ಹೋಗಿ ಮುದುಡಿ, ಒಂದು ಕೈ ಕತ್ತಿಗೆ, ಇನ್ನೊಂದು ಮೇಜಿನ ಕಾಲಿಗೆ. ಚಿಕ್ಕವನು ಅಪ್ಪ ಫೋನಿನಲ್ಲಿ ಮಾತಾಡುವಾಗಲೇ ಬೇಕಂತ ಕೂಗುತ್ತಿದ್ದ. ಒಂಬತ್ತನೇ ದಿನ ತನ್ನ ಮಂಚಕ್ಕೆ ತಾನೇ ಹೋದ. ತಿಂಗಳಾದರೂ ನಿಮಗೆ ನಿದ್ದೆ ಬಾರದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು:

ಚಪ್ಪಲಿ, ಟಾರ್ಚ್ ಎರಡನ್ನೂ ಒಂದು ಚೀಲಕ್ಕೆ ಹಾಕಿ ಮಂಚದ ಕಾಲಿಗೆ ಕಟ್ಟಿ. ಕತ್ತಲಲ್ಲಿ ಗಾಜು ಕಾಣಿಸುವುದಿಲ್ಲ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಿ. ಎಲ್ಲರೂ ಒಟ್ಟಿಗೆ ಕರೆ ಮಾಡಿ ನೆಟ್‌ವರ್ಕ್ ಕೂತುಹೋಗುತ್ತದೆ, ಮೆಸೇಜ್ ಹಾಕಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಬಿರುಕು ತೊಲೆಯ ಉದ್ದಕ್ಕೆ ನೇರವಾಗಿದೆ, ಪೆನ್ಸಿಲ್ ಗೆರೆ ಎಳೆದಿದ್ದೇನೆ. ಪಾರ್ಕಿಂಗಿನ ಕಂಬಗಳನ್ನು ಪಕ್ಕದ ಮನೆಯವರ ಜೊತೆ ಹೋಗಿ ನೋಡಿದೆವು, ಮೇಲ್ನೋಟಕ್ಕೆ ಏನೂ ಕಾಣಲಿಲ್ಲ. ಭಾನುವಾರ ಎಂಜಿನಿಯರ್ ಬರುತ್ತಾರೆ.

ಇವತ್ತು ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ, ಆಗ ನೀವು ಏನು ಮಾಡುತ್ತಿದ್ದಿರಿ ಅಂತ. ದಿಂಬನ್ನು ತಲೆ ಮೇಲಿಟ್ಟುಕೊಂಡು ಮಲಗಿದ್ದರಂತೆ. ‘ಈ ಮೊಣಕಾಲು ಇಟ್ಟುಕೊಂಡು ನಾನು ಎಲ್ಲಿಗೆ ಓಡಲಿ?’ ಅಂದರು.