ಟೆಲಿಕನ್ವರ್ಟರ್ ಮಾರ್ಪಾಡಿನ ನಂತರ ಹಕ್ಕಿ ಚಿತ್ರಗಳಲ್ಲಿ ಬಿಳಿ ಮಬ್ಬು

ಪ್ರಶ್ನೆ (ಬಾಗಲಕೋಟೆಯಿಂದ)

ನನ್ನ ಬಳಿ 80 ಮಿ.ಮೀ. ವ್ಯಾಸದ, ಎಫ್/6 ದೂರದರ್ಶಕವಿದೆ. ನಾಭಿದೂರ 480 ಮಿ.ಮೀ. ಬಿಂಬವನ್ನು ಹಿಗ್ಗಿಸುವ ಮಸೂರವಾದ, ಹಳೆಯ 1.4 ಪಟ್ಟಿನ ಟೆಲಿಕನ್ವರ್ಟರ್‌ನ ಮುಂದಿನ ಬಯೊನೆಟ್ (ಲೆನ್ಸ್ ಸಿಕ್ಕಿಸುವ ಬಳೆ) ಬಿಚ್ಚಿ, ಲೇತ್ ಅಂಗಡಿಯಲ್ಲಿ ಎರಡು ಇಂಚಿನ ಅಲ್ಯೂಮಿನಿಯಂ ಕೊಳವೆ ಮಾಡಿಸಿ ಕೂರಿಸಿದ್ದೇನೆ. ಈಗ ಅದು ನೇರವಾಗಿ, ಒಳಗೆ-ಹೊರಗೆ ಸರಿಸಿ ಫೋಕಸ್ ಮಾಡುವ ಕೊಳವೆಯಾದ ಫೋಕಸರ್‌ಗೆ ಇಳಿಯುತ್ತದೆ. ಆಲಮಟ್ಟಿ ಹಿನ್ನೀರಿನ ಪಟ್ಟೆತಲೆ ಹೆಬ್ಬಾತುಗಳಿಗೆ ಫೋಕಸ್ ಸಿಗುತ್ತದೆ. ಆದರೆ ಚಿತ್ರದ ನಡುವೆ ಮಬ್ಬು. ತಲೆಯ ಎರಡು ಕಪ್ಪು ಪಟ್ಟೆಗಳು ಬೂದುಬಣ್ಣಕ್ಕೆ ತಿರುಗಿವೆ. ಟೆಲಿಕನ್ವರ್ಟರ್ ತೆಗೆದರೆ ಕಪ್ಪು ಕಪ್ಪಾಗಿಯೇ ಬರುತ್ತದೆ. ಇನ್ನು ಹತ್ತು ಮೀಟರ್ ದೂರದ ಮಿಂಚುಳ್ಳಿಗೆ ಫೋಕಸರ್ ಪೂರ್ತಿ ಹೊರಬಂದರೂ ಸಾಲುತ್ತಿಲ್ಲ. ಗಾಜು ಕೆಟ್ಟಿದೆಯೇ?

ಉತ್ತರ (ವಿಜಯಪುರದಿಂದ)

ಗಾಜಿನ ತಂಟೆಗೆ ಹೋಗಬೇಡಿ. ನನ್ನ ಅನುಮಾನವೆಲ್ಲ ಕೊಳವೆಯ ಒಳಮೈ ಮೇಲೆ. ಕ್ಯಾಮೆರಾ ಕಳಚಿ, ದೂರದರ್ಶಕವನ್ನು ಬೆಳಕಿರುವ ಆಕಾಶಕ್ಕೆ ತಿರುಗಿಸಿ (ಸೂರ್ಯನ ಕಡೆಗಂತೂ ಬೇಡವೇ ಬೇಡ), ಹಿಂದಿನಿಂದ ಇಣುಕಿ ನೋಡಿ. ಮುಂದಿನ ಮಸೂರದ ಬೆಳಕಿನ ಬಿಲ್ಲೆ ಒಂದೇ ಕಾಣಬೇಕು, ಸುತ್ತ ಕತ್ತಲೆ ಇರಬೇಕು. ಬಿಲ್ಲೆಯ ಸುತ್ತ ಬಳೆಗಳಂತೆ ಹೊಳೆಯುವ ವರ್ತುಲಗಳು ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಕಪ್ಪು ಬಣ್ಣ ಬಳಿದುಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಓರೆಯಾಗಿ ಸವರಿಕೊಂಡು ಬರುವ ಬೆಳಕಿಗೆ ನುಣುಪಾದ ಕಪ್ಪು ಮೈಯೂ ಕನ್ನಡಿಯೇ. ಲೇತ್‌ನವರಿಗೆ ಹೇಳಿ ಒಳಗೆ ಸಣ್ಣ ಮರೆ (ತಿರುಪಿನಲ್ಲಿರುವಂಥ ಸುರುಳಿ ಗೆರೆಗಳು) ಕೊರೆಸಿ, ಅದರ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಕಪ್ಪು ವೆಲ್ವೆಟ್ ಅಂಟಿಸುವವರೂ ಇದ್ದಾರೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ, ಆದರೆ ಅದರ ಎಳೆಗಳು ಉದುರಿ ಸೆನ್ಸರ್ ಮೇಲೆ ಕೂರುತ್ತವೆ. ನಾನಂತೂ ಒಲ್ಲೆ.

ಮಿಂಚುಳ್ಳಿಯದು ಬೇರೆಯೇ ಲೆಕ್ಕ. 480 ಮಿ.ಮೀ. ನಾಭಿದೂರಕ್ಕೆ 50 ಮೀಟರ್ ದೂರದ ಹಕ್ಕಿಯ ಬಿಂಬ ಅನಂತದ (ತೀರ ದೂರದ ವಸ್ತುವಿನ) ಸ್ಥಾನಕ್ಕಿಂತ ಸುಮಾರು 4.7 ಮಿ.ಮೀ. ಹಿಂದೆ ಬೀಳುತ್ತದೆ, ಹತ್ತು ಮೀಟರಿಗೆ ಅದು 24 ಮಿ.ಮೀ. ಆಗುತ್ತದೆ. ಅಷ್ಟು ಉದ್ದದ ವಿಸ್ತರಣಾ ಕೊಳವೆ ಸೇರಿಸಿ, ಆದರೆ ಟೆಲಿಕನ್ವರ್ಟರ್‌ಗೂ ದೂರದರ್ಶಕಕ್ಕೂ ನಡುವೆ ಮಾತ್ರ. ಕ್ಯಾಮೆರಾದ ಕಡೆ ಸೇರಿಸಿದರೆ ವರ್ಧನೆ 1.4ಕ್ಕಿಂತ ಮೇಲೇರುತ್ತದೆ, ಬೆಳಕು ಇನ್ನಷ್ಟು ಇಳಿಯುತ್ತದೆ. ಮೇಲಾಗಿ ಆ ಮಸೂರಗಳನ್ನು ಸೆನ್ಸರ್‌ನಿಂದ ಒಂದು ಗೊತ್ತಾದ ದೂರಕ್ಕೆಂದೇ ತಿದ್ದಿರುತ್ತಾರೆ.

ಮತ್ತೊಬ್ಬರು (ಬೆಳಗಾವಿಯಿಂದ)

1.4ರ ಬದಲು 2 ಪಟ್ಟಿನದನ್ನೇ ಹೀಗೆ ಮಾಡಿಸಬಹುದೇ?

ಉತ್ತರ (ವಿಜಯಪುರದಿಂದ)

ಮಾಡಿಸಬಹುದು. 960 ಮಿ.ಮೀ. ಸಿಗುತ್ತದೆ, ಆದರೆ ಎಫ್/12, ಅಂದರೆ ಬೆಳಕು ಕಡಿಮೆ. 1.4ರಲ್ಲಿ 672 ಮಿ.ಮೀ., ಎಫ್/8.4. ಕೂತ ಹಕ್ಕಿಗೆ ಎರಡೂ ಸರಿ. ಹಾರುವ ಹೆಬ್ಬಾತಿಗೆ ಶಟರ್ ವೇಗ ಬೇಕು, 2 ಪಟ್ಟಿನದರಲ್ಲಿ ಸೆನ್ಸರ್‌ನ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ ವಿಪರೀತ ಏರಿಸಬೇಕಾಗುತ್ತದೆ. ಬಿಸಿಲೇರಿದ ಮೇಲೆ ಕೆಸರುಬಯಲಿನ ಗಾಳಿ ಕುದಿಯತೊಡಗಿದರೆ ಎರಡೂ ನಿಷ್ಪ್ರಯೋಜಕ.

ಪ್ರಶ್ನೆ ಕೇಳಿದವರು

ವರ್ತುಲಗಳು ಕಂಡವು, ಒಂದಲ್ಲ, ಸಾಲುಸಾಲು. ಮರೆ ಕೊರೆಸಿ ಬಣ್ಣ ಹಚ್ಚಿದ ಮೇಲೆ ಪಟ್ಟೆಗಳು ಮತ್ತೆ ಕಪ್ಪಾಗಿವೆ. ಮಿಂಚುಳ್ಳಿಯೂ ಫೋಕಸ್‌ಗೆ ಬಂತು. ಈಗ ಉಳಿದಿರುವುದು ಒಂದೇ: ಚಿತ್ರದ ಎಡ ಅಂಚು ಮಾತ್ರ ಮಸುಕಾಗಿ ಬರುತ್ತಿದೆ.

ಉತ್ತರ (ವಿಜಯಪುರದಿಂದ)

ಕೊಳವೆಯನ್ನು ಒಂದೇ ತಿರುಪಿನಿಂದ ಬಿಗಿಯುತ್ತಿದ್ದೀರಾ? ಹಾಗಿದ್ದರೆ ಕ್ಯಾಮೆರಾದ ಭಾರಕ್ಕೆ ಅದು ಓರೆಯಾಗುತ್ತಿರಬೇಕು. 120 ಡಿಗ್ರಿ ಅಂತರದಲ್ಲಿ ಮೂರು ತಿರುಪು ಹಾಕಿಸಿ, ಮೂರನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ.