ಪದಚರ್ಚೆ: ಟ್ರಿಸ್ಟನ್‌ನ ಎರಡು ಪ್ರೀತಿಗೆ ಯಾವ ಎರಡು ಮಾತು? (ಒಲವು, ಅಕ್ಕರೆ, ಋಣಾನುಬಂಧ, ಮರುಳು)

ಮಾನ್ಯರೇ,

ಮಧ್ಯಯುಗದ ಯುರೋಪಿನಲ್ಲಿ ಹಲವು ಭಾಷೆಗಳ ಕವಿಗಳು ಹಾಡಿದ ಟ್ರಿಸ್ಟನ್ ಮತ್ತು ಇಸೋಲ್ಡೆಯರ ಕಥೆಯನ್ನು, ಆಗತಾನೆ ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರು ಓದುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡ್ರ್ಯಾಗನ್ನನ್ನು ಕೊಲ್ಲುವುದು, ವಿಷ ಸವರಿದ ಕತ್ತಿಯ ಗಾಯ, ಮಾಯದ ಪಾನೀಯ ಇವೆಲ್ಲ ಸಲೀಸಾಗಿ ಕನ್ನಡಕ್ಕೆ ಇಳಿದವು. ನಾನು ಸಿಕ್ಕಿಹಾಕಿಕೊಂಡಿರುವುದು ಪ್ರೀತಿಯ ಮಾತುಗಳಲ್ಲಿ. ಈ ನಾಯಕನಿಗೆ ಇರುವುದು ಎರಡು ಪ್ರೀತಿ. ಎರಡಕ್ಕೂ ‘ಪ್ರೀತಿ’ ಎಂದೇ ಬರೆದರೆ ಕಥೆಯೇ ನಿಲ್ಲುವುದಿಲ್ಲ.

ಕಥೆ ತಿಳಿಯದವರಿಗಾಗಿ ಅದರ ಬೇಕಾದಷ್ಟು ಭಾಗವನ್ನು ಮಾತ್ರ ಹೇಳುತ್ತೇನೆ. ಕಾರ್ನ್‌ವಾಲಿನ ಅರಸ ಮಾರ್ಕ್‌ನಿಗೆ ಹೆಣ್ಣು ತರಲು ಅವನ ಸೋದರಳಿಯ ಟ್ರಿಸ್ಟನ್ ಐರ್ಲೆಂಡಿಗೆ ಹೋಗಿ, ರಾಜಕುಮಾರಿ ಇಸೋಲ್ಡೆಯನ್ನು ಹಡಗಿನಲ್ಲಿ ಕರೆತರುತ್ತಿರುತ್ತಾನೆ. ಮದುವೆಯ ರಾತ್ರಿ ಮಗಳೂ ಅಳಿಯನೂ ಕುಡಿಯಲೆಂದು ಅವಳ ತಾಯಿ ಕಾಯಿಸಿ ಕೊಟ್ಟಿದ್ದ ಮದ್ದನ್ನು, ದ್ರಾಕ್ಷಾರಸವೆಂದು ತಪ್ಪು ತಿಳಿದು ಇವರಿಬ್ಬರೇ ಕುಡಿದುಬಿಡುತ್ತಾರೆ. ಮುಂದೆ ಮಾವನ ಆಸ್ಥಾನದಿಂದ ದೂರವಾಗಿ ಬ್ರಿಟನಿಯನ್ನು ಸೇರಿದ ಟ್ರಿಸ್ಟನ್‌ಗೆ ಅಲ್ಲಿ ಇನ್ನೊಬ್ಬ ಇಸೋಲ್ಡೆ ಸಿಗುತ್ತಾಳೆ. ಕಥೆ ಅವಳನ್ನು ಬಿಳಿಗೈಯ ಇಸೋಲ್ಡೆ ಎಂದು ಕರೆಯುತ್ತದೆ. ಅವಳು ಸೌಮ್ಯೆ, ಹತ್ತಿರದವಳು, ಇವನನ್ನು ನಿಜವಾಗಿ ಬಯಸಿದವಳು. ಅವನು ಅವಳನ್ನು ಮದುವೆಯೂ ಆಗುತ್ತಾನೆ. ಹನ್ನೆರಡನೆಯ ಶತಮಾನದ ಕವಿ ತೋಮಾ ಹೇಳುವಂತೆ ಆ ಮದುವೆಗೆ ಕಾರಣ ಅವಳ ಚೆಲುವು ಮತ್ತು ಅವಳ ಹೆಸರು. ಮದುವೆಯ ರಾತ್ರಿ ಸೇವಕರು ಅವನ ಅಂಗಿ ಬಿಚ್ಚುತ್ತಿರುವಾಗ, ಮುಂಗೈಯಲ್ಲಿ ಬಿಗಿಯಾಗಿದ್ದ ಅಂಗಿಯ ತೋಳಿನ ಜೊತೆ ಬೆರಳಿನ ಉಂಗುರವೂ ಕಳಚಿ ಬರುತ್ತದೆ. ಅದು ಮೊದಲ ಇಸೋಲ್ಡೆ ಬೀಳ್ಕೊಡುವಾಗ ತೊಡಿಸಿದ್ದ ಉಂಗುರ. ಆ ಕ್ಷಣದಿಂದ ಅವನಿಗೆ ಆ ಹಾಸಿಗೆ ಮುಳ್ಳಾಗುತ್ತದೆ. ಹಳೆಯ ಬೇನೆಯೊಂದರ ನೆಪ ಹೇಳಿ ಹೆಂಡತಿಯನ್ನು ಮುಟ್ಟದೆ ಮಲಗುತ್ತಾನೆ.

ಮೊದಲ ಕರಡಿನಲ್ಲಿ ನಾನು ಐರ್ಲೆಂಡಿನ ಇಸೋಲ್ಡೆಯ ಪ್ರೀತಿಗೆ ‘ಒಲವು’ ಎಂದೂ ಬಿಳಿಗೈಯವಳ ಪ್ರೀತಿಗೆ ‘ಸಾಂತ್ವನದ ಪ್ರೀತಿ’ ಎಂದೂ ಬರೆದಿದ್ದೆ. ಎರಡೂ ತಪ್ಪು ಎಂದು ಈಗ ಅನ್ನಿಸಿದೆ. ನನ್ನ ಕಾರಣಗಳು ಸರಿಯೇ ಎಂಬುದನ್ನು ಬಲ್ಲವರು ನೋಡಬೇಕು.

‘ಒಲವು’ ಕಾವ್ಯದಲ್ಲಿ ಸವೆದು ನುಣುಪಾದ ಮಾತು. ಯಾವ ಪ್ರೀತಿಯ ಪಕ್ಕದಲ್ಲಿಟ್ಟರೂ ಹೊಂದುತ್ತದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಅದರ ಧಾತು ‘ಒಲ್’ ಎಂಬುದನ್ನು ನೆನೆದು, ಅದರ ನಿಷೇಧರೂಪ ಇವತ್ತಿಗೂ ಹೇಗೆ ಬಳಕೆಯಲ್ಲಿದೆ ಎಂದು ನೋಡಿ. ಧಾರವಾಡದ ಕಡೆ ಚಹಾ ಬೇಡವೆನ್ನುವವರೂ ‘ಒಲ್ಲೆ’ ಎನ್ನುತ್ತಾರೆ. ಒಲ್ಲೆ ಎಂದರೆ ಪ್ರೀತಿಸುವುದಿಲ್ಲ ಎಂದಲ್ಲ, ನನ್ನ ಮನಸ್ಸು ಒಪ್ಪುವುದಿಲ್ಲ ಎಂದು. ದೇವರು ಒಲಿದ ಎನ್ನುವಾಗಲೂ ಅಲ್ಲಿ ಇರುವುದು ಒಲಿಯುವವನ ಇಚ್ಛೆ. ಒಲಿಯದೆ ಇರುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇತ್ತು. ಹೀಗೆ ‘ಒಲವು’ ಎಂಬ ಮಾತಿನ ಹೊಟ್ಟೆಯಲ್ಲಿ ಸಮ್ಮತಿ ಇದೆ. ಹಡಗಿನ ಮೇಲೆ ಮದ್ದು ಕುಡಿದ ಇಬ್ಬರನ್ನು ಆ ಬಗೆಯ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹಿಂದೆ ತನ್ನ ಸೋದರಮಾವನನ್ನು ಕೊಂದಿದ್ದ ಟ್ರಿಸ್ಟನ್‌ಗೆ ಇಸೋಲ್ಡೆ ‘ಒಲ್ಲೆ’ ಎಂದೇ ಹೇಳುತ್ತಿದ್ದಳು. ಆದ್ದರಿಂದ ‘ವಿಧಿ ತಂದ ಒಲವು’ ಎಂಬ ನನ್ನ ಹಳೆಯ ಸಾಲು, ಒಂದು ಕೈಯಿಂದ ಕೊಟ್ಟಿದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ ಇದೆ.

ಸ್ವಾರಸ್ಯವೆಂದರೆ ತೋಮಾ ಕವಿಯೂ ಇದೇ ಭೇದವನ್ನು ಹಿಡಿದು ಎಳೆಯುತ್ತಾನೆ. ರಾಣಿಯ (ಮೊದಲ ಇಸೋಲ್ಡೆಯ) ಮೇಲಿನ ಬಯಕೆಯು ಈ ಹುಡುಗಿಯ (ಬಿಳಿಗೈಯವಳ) ಮೇಲಿನ ಇಚ್ಛೆಯನ್ನು ಅಳಿಸಿಹಾಕಿತು ಎಂಬರ್ಥದ ಮಾತು ಅವನಲ್ಲಿ ಬರುತ್ತದೆ. ಅವನ ಹಳೆಯ ಫ್ರೆಂಚಿನಲ್ಲಿ ಬಯಕೆಗೆ ‘ದೆಸಿರ್’, ಇಚ್ಛೆಗೆ ‘ವೊಲೇರ್’. ನಮ್ಮ ‘ಒಲ್’ ಮತ್ತು ಅವರ ‘ವೊಲೇರ್’ ಕಿವಿಗೆ ಹತ್ತಿರವಾಗಿರುವುದು ಬರೀ ಆಕಸ್ಮಿಕ. ಅದನ್ನು ಹಿಡಿದುಕೊಂಡು ಯಾರೂ ವ್ಯುತ್ಪತ್ತಿಗೆ ಹೊರಡಬಾರದೆಂದು ಬೇಡುತ್ತೇನೆ. ಆದರೆ ಅರ್ಥದಲ್ಲಿ ಅವು ಒಂದೇ ಕಡೆ ನಿಲ್ಲುತ್ತವೆ. ಹಾಗಾದರೆ ಟ್ರಿಸ್ಟನ್‌ಗೆ ಹೆಂಡತಿಯ ವಿಷಯದಲ್ಲಿ ಇಲ್ಲದೆ ಹೋದದ್ದೇ ‘ಒಲವು’ ಎನ್ನಬೇಕು. ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಎಂಬ ನಮ್ಮ ಗಾದೆಯು ಬಿಳಿಗೈಯವಳ ಸಂಸಾರವನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಇನ್ನು ಅವಳ ಕಡೆಯ ಮಾತು. ‘ಸಾಂತ್ವನ’ ಮೂಲದಲ್ಲಿ ಒಳ್ಳೆಯ ಪದವೇ. ಆದರೆ ಇವತ್ತಿನ ಪತ್ರಿಕೆಗಳಲ್ಲಿ ಮಂತ್ರಿಗಳು ಮೃತರ ಕುಟುಂಬಕ್ಕೆ ಸಾಂತ್ವನ ಹೇಳಿ ಹೇಳಿ ಅದಕ್ಕೆ ಸೂತಕದ ವಾಸನೆ ಅಂಟಿದೆ. ‘ಸಮಾಧಾನ’ವನ್ನು ಬಳಸೋಣವೆಂದರೆ, ಓದುವ ಹುಡುಗರಿಗೆ ಮೊದಲು ನೆನಪಾಗುವುದು ಶಾಲೆಯ ಸ್ಪರ್ಧೆಯ ಸಮಾಧಾನಕರ ಬಹುಮಾನ. ಆ ಹೆಣ್ಣಿಗೆ ಅಷ್ಟು ಅವಮಾನ ಮಾಡುವ ಮನಸ್ಸು ನನಗಿಲ್ಲ, ಟ್ರಿಸ್ಟನ್ ಮಾಡಿದ್ದು ಹೆಚ್ಚುಕಡಿಮೆ ಅದೇ ಆದರೂ.

ಈಗ ನನ್ನ ಒಲವು ‘ಅಕ್ಕರೆ’ಯ ಕಡೆಗೆ ಇದೆ. (ನೋಡಿ, ಇಲ್ಲಿ ‘ಒಲವು’ ಎಷ್ಟು ಸಹಜವಾಗಿ ಬಂದಿತು! ನಾನೇ ಆರಿಸಿಕೊಂಡದ್ದು ಎಂಬ ಅರ್ಥದಲ್ಲಿ.) ಕನ್ನಡದಲ್ಲಿ ಅಕ್ಕರೆ ಎಂದರೆ ಮಮತೆ ಬೆರೆತ ಪ್ರೀತಿ. ಅಕ್ಕಪಕ್ಕದ ಭಾಷೆಗಳಿಗೆ ಹೋದರೆ ಅದರ ಇನ್ನೆರಡು ಮುಖಗಳು ಕಾಣುತ್ತವೆ: ತಮಿಳಿನ ‘ಅಕ್ಕರೈ’ಗೆ ಕಾಳಜಿ ಎಂಬ ಅರ್ಥವಿದೆ, ತೆಲುಗಿನ ‘ಅಕ್ಕರ’ಕ್ಕೆ ಬೇಕಾಗುವಿಕೆ, ಅಗತ್ಯ ಎಂಬ ಅರ್ಥವಿದೆ. ಕಾಳಜಿ, ಅಗತ್ಯ, ಮಮತೆ ಈ ಮೂರೂ ಬಿಳಿಗೈಯ ಇಸೋಲ್ಡೆಯ ಮತ್ತು ಟ್ರಿಸ್ಟನ್‌ನ ನಡುವೆ ಇದ್ದವು. ಇದ್ದದ್ದು ಬೇರೆ ಬೇರೆ ಕಡೆ ಎಂಬುದೇ ತೊಡಕು. ಕಾಳಜಿ ಅವಳದು, ಅಗತ್ಯ ಅವನದು. ನನಗಿರುವ ಅಳುಕು ಇಷ್ಟೇ: ಅಕ್ಕರೆ ಸಾಮಾನ್ಯವಾಗಿ ಹಿರಿಯರಿಂದ ಕಿರಿಯರ ಕಡೆಗೆ ಹರಿಯುವ ಮಾತು. ‘ಅಕ್ಕರೆಯ ಮಗಳು’ ಎಂದಷ್ಟು ಸುಲಭವಾಗಿ ‘ಅಕ್ಕರೆಯ ಗಂಡ’ ಎನ್ನುತ್ತೇವೆಯೇ? ನಿಮ್ಮ ನಿಮ್ಮ ಊರಿನ ಬಳಕೆ ತಿಳಿಸಿ. ‘ನೆಮ್ಮು’ ಎಂಬ ಧಾತುವಿನಿಂದ ಬಂದ ‘ನೆಮ್ಮುಗೆ’ಯನ್ನೂ ಎಣಿಸಿದ್ದೇನೆ. ಗೋಡೆಗೆ ನೆಮ್ಮಿದಂತೆ ಅವನು ಅವಳಿಗೆ ನೆಮ್ಮಿದ ಎಂಬ ಚಿತ್ರ ಚೆನ್ನಾಗಿದೆ. ಆದರೆ ಗೋಡೆಗೂ ಜೀವವಿತ್ತು ಎಂಬುದನ್ನು ಆ ಮಾತು ಹೇಳುವುದಿಲ್ಲ.

‘ವಿಧಿ’ಯ ಪ್ರಶ್ನೆ ಇದಕ್ಕಿಂತ ಗಡುಸು. ‘ವಿಧಿಲಿಖಿತ ಪ್ರೇಮ’ ಎಂದು ಬರೆದರೆ ಪಂಚಾಂಗದ ಭಾಷೆಯಾಗುತ್ತದೆ. ಗೆಳೆಯರೊಬ್ಬರು ‘ಋಣಾನುಬಂಧ’ ಎನ್ನಿ, ಅದಕ್ಕಿಂತ ಒಳ್ಳೆಯ ಮಾತು ಬೇರೆ ಇಲ್ಲ ಎಂದರು. ನಾನು ಒಪ್ಪಲಿಲ್ಲ. ‘ಋಣಾನುಬಂಧರೂಪೇಣ ಪಶುಪತ್ನೀಸುತಾಲಯಾಃ’ ಎಂಬ ಹಳೆಯ ಶ್ಲೋಕ ಎಲ್ಲರಿಗೂ ಗೊತ್ತಿರುವುದೇ: ದನಕರು, ಹೆಂಡತಿ, ಮಕ್ಕಳು, ಮನೆ ಇವೆಲ್ಲ ಋಣದಿಂದ ಕೂಡಿಬಂದವು, ಋಣ ತೀರಿದರೆ ಹೋಗುತ್ತವೆ, ಅದಕ್ಕೆ ಅಳುವುದೇಕೆ ಎಂದು. ಅಂದರೆ ಋಣಾನುಬಂಧ ಮನೆಯೊಳಗಿನ ಮಾತು, ಕೊಟ್ಟಿಗೆ ಮತ್ತು ಅಡುಗೆಮನೆಯ ನಡುವೆ ಓಡಾಡುವ ಮಾತು. ಅದು ಬಿಳಿಗೈಯವಳಿಗೆ ಸಲ್ಲಬೇಕು. ಮೇಲಾಗಿ ಋಣಕ್ಕೆ ಲೆಕ್ಕವಿದೆ, ಕೊನೆಯಿದೆ. ಮದ್ದಿನ ಪ್ರೇಮಕ್ಕೆ ಕೊನೆಯುಂಟೇ?

ಇಲ್ಲಿ ನನ್ನ ಗೆಳೆಯರ ಪರವಾಗಿ ಒಂದು ಸಾಕ್ಷಿ ಹೇಳಲೇಬೇಕು. ಬೆರೂಲ್ ಎಂಬ ಕವಿಯ ಪಾಠದಲ್ಲಿ ಮದ್ದಿನ ಅವಧಿ 3 ವರ್ಷ ಮಾತ್ರ. ಅರಸನಿಗೆ ಹೆದರಿ ಮೊರುವಾ ಎಂಬ ಕಾಡಿನಲ್ಲಿ ಅಡಗಿದ್ದ ದಿನಗಳಲ್ಲಿ ಟ್ರಿಸ್ಟನ್ ಜಿಂಕೆಯೊಂದಕ್ಕೆ ಬಾಣ ಬಿಟ್ಟು ಅದರ ಹಿಂದೆ ಓಡುತ್ತಿರುವಾಗಲೇ ಆ ಅವಧಿ ಮುಗಿಯುತ್ತದೆ. ಅವನು ಓಡುತ್ತಿದ್ದವನು ನಿಲ್ಲುತ್ತಾನೆ. ಅರಮನೆ, ಗೆಳೆಯರು, ತಾನು ಕಳೆದುಕೊಂಡ ಬದುಕು ಒಮ್ಮೆಗೇ ನೆನಪಾಗಿ ಮರುಗುತ್ತಾನೆ. ‘ಋಣ ತೀರಿತು’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. (ಹಳಗನ್ನಡದಲ್ಲಿ ಪ್ರೇಮಕ್ಕೆ ‘ಬೇಟ’ ಎಂಬ ಮಾತಿರುವುದು ಬಲ್ಲವರಿಗೆ ತಿಳಿದೇ ಇದೆ, ಬೇಟೆಯ ನಡುವೆ ಬೇಟ ಬಿಟ್ಟುಹೋಯಿತು ಎಂದು ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದಿದ್ದೇನೆ.) ಆದರೆ ನಾನು ಹಿಡಿದಿರುವ ಹಾದಿ ತೋಮಾನದು. ಅಲ್ಲಿ ಮದ್ದು ಸಾಯುವವರೆಗೂ ಇಳಿಯುವುದಿಲ್ಲ. ಆದ್ದರಿಂದ ಋಣಾನುಬಂಧವನ್ನು ಬಿಟ್ಟೆ.

ಜನ್ನನ ಯಶೋಧರ ಚರಿತೆಯ ‘ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ’ ಎಂಬ ಸಾಲು ಈ ತೊಡಕಿನಲ್ಲಿ ನನಗೆ ದಾರಿ ತೋರಿಸಿತು. ಆ ಕಾವ್ಯ 1209ರದು. ಟ್ರಿಸ್ಟನ್ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಹೇಳಿದ ಗಾಟ್‌ಫ್ರೀಡ್‌ನ ಕಾವ್ಯವೂ ಸುಮಾರು 1210ರದೇ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯುವ ಸಂಭವವೇ ಇಲ್ಲದ ಇಬ್ಬರು ಒಂದೇ ಕಾಲದಲ್ಲಿ ಒಂದೇ ಗಂಟನ್ನು ಬಿಡಿಸುತ್ತ ಕುಳಿತಿದ್ದರು. ಜನ್ನ ಮಾಯೆಯನ್ನೂ ವಿಧಿಯನ್ನೂ ಒಂದೇ ಎನ್ನುವುದಿಲ್ಲ ಎಂಬುದನ್ನು ಗಮನಿಸಬೇಕು. ಕೊಲ್ಲುವುದು ಮನಸಿಜನ, ಅಂದರೆ ಕಾಮನ, ಮಾಯೆ. ವಿಧಿ ಅದಕ್ಕೆ ನೆರವಾಗುತ್ತದೆ, ಅಷ್ಟೆ. ಹಡಗಿನ ಪ್ರಸಂಗದಲ್ಲೂ ಹಾಗೆಯೇ. ಮಾಯೆ ಇರುವುದು ಪಾತ್ರೆಯೊಳಗೆ. ತಪ್ಪು ಪಾತ್ರೆ ತಪ್ಪು ಕೈಗೆ ಬಂದದ್ದು ವಿಧಿ. ಹಾಗಾಗಿ ‘ವಿಧಿಪ್ರೇಮ’ ಎಂದು ಎರಡನ್ನೂ ಸಮಾಸದಲ್ಲಿ ಕಟ್ಟಿಹಾಕುವುದಕ್ಕಿಂತ, ಪ್ರೇಮಕ್ಕೆ ಮಾಯೆಯ ಕಡೆಯ ಮಾತನ್ನು ಹುಡುಕಿ, ವಿಧಿಯನ್ನು ಕಥೆಯ ನಡೆಗೆ ಬಿಡುವುದು ಮೇಲು.

ಆ ಮಾತು ‘ಮರುಳು’ ಎಂದು ನನಗೆ ತೋರುತ್ತದೆ. ಪಾನೀಯಕ್ಕೆ ಮೊದಲು ‘ಪ್ರೇಮಪೇಯ’ ಎಂದು ಬರೆದು, ಅದು ಜ್ಯೂಸ್ ಅಂಗಡಿಯ ಬೋರ್ಡಿನಂತೆ ಕಂಡು ಹೊಡೆದುಹಾಕಿದ್ದೆ. ‘ಮರುಳುಮದ್ದು’ ಎಂದರೆ ಸಾಕು. ಮದ್ದು ಹಾಕುವುದು, ಮದ್ದು ತೆಗೆಸುವುದು ನಮ್ಮ ಊರುಗಳಲ್ಲಿ ಈಗಲೂ ನಡೆಯುವ ಮಾತಾದ್ದರಿಂದ ಓದುವವರಿಗೆ ವಿವರಣೆಯೇ ಬೇಕಿಲ್ಲ. ಇದಕ್ಕೂ ಮುಖ್ಯವಾದ ಕಾರಣ ಇನ್ನೊಂದಿದೆ. ಮದ್ದು ಕುಡಿದ ಇಸೋಲ್ಡೆ ತನ್ನನ್ನು ಬಾಧಿಸುತ್ತಿರುವುದು ‘ಲಾಮೇರ್’ ಎನ್ನುತ್ತಾಳೆ. ಆ ಒಂದು ಸದ್ದಿನಲ್ಲಿ ಫ್ರೆಂಚಿನ ಮೂರು ಅರ್ಥಗಳಿವೆ: ಕಡಲು, ಕಹಿ, ಪ್ರೀತಿಸುವುದು. ಕಡಲೇ, ಕಹಿಯೇ ಎಂದು ಟ್ರಿಸ್ಟನ್ ಒಂದೊಂದಾಗಿ ವಿಚಾರಿಸುತ್ತ ಕೊನೆಗೆ ಪ್ರೀತಿಗೆ ಬರುತ್ತಾನೆ. ಈ ಶ್ಲೇಷೆ ಗಾಟ್‌ಫ್ರೀಡ್‌ನಲ್ಲಿದೆ. 1995ರಲ್ಲಿ ಪ್ರಕಟವಾದ ತೋಮಾನ ಒಂದು ತುಣುಕಿನಲ್ಲೂ ಕಂಡಿತು. ಇದನ್ನು ಕನ್ನಡಕ್ಕೆ ತರಲಾಗದೆಂದು ಕೈಚೆಲ್ಲಿ ಕುಳಿತಿದ್ದಾಗ ನೆನಪಾದದ್ದು ಮಂಡ್ಯದ ಕಡೆಯವರಾದ ನಮ್ಮ ಅಜ್ಜಿ. ಒಲೆಯ ಮುಂದೆ ಕುಳಿತು ಅವರು, ‘ಎಸರು ಮಳ್ಳ್‌ತಾ ಅದಾ ನೋಡು ಮಗ’ ಎನ್ನುತ್ತಿದ್ದರು. ಮಳ್ಳುವುದು ಎಂದರೆ ಮರಳುವುದು, ಕುದಿಯುವುದು. ಮರಳು ಎಂದರೆ ಕಡಲ ತಡಿಯ ಉಸುಕು. ಮರಳು ಎಂದರೆ ಹಿಂದಿರುಗು. ಬಾಯಲ್ಲಿ ಉಕಾರ ಸ್ವಲ್ಪ ಸಡಿಲವಾದರೆ ಮರುಳೂ ಮರಳೇ. ಇವೆಲ್ಲ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ. ಕಿವಿ ಅವನ್ನು ಕೂಡಿಸಿಕೊಳ್ಳುತ್ತದೆ ಎಂಬುದಷ್ಟೇ ನನ್ನ ಮಾತು. ನನ್ನ ಕರಡಿನಲ್ಲಿ ಇಸೋಲ್ಡೆ, ‘ಒಳಗೆಲ್ಲ ಮರಳು’ ಎನ್ನುತ್ತಾಳೆ. ದಡ ಹತ್ತಿರ ಬಂತೇ ಎಂದು ಟ್ರಿಸ್ಟನ್ ಕೇಳುತ್ತಾನೆ. ಅಲ್ಲ ಎನ್ನುತ್ತಾಳೆ. ಐರ್ಲೆಂಡಿಗೆ ಮರಳಬೇಕೇ ಎಂದು ಕೇಳುತ್ತಾನೆ. ಅದೂ ಅಲ್ಲ. ಅಲ್ಲಿಯವರೆಗೆ ಅವನು ಅವಳಿಗೆ ‘ನೀವು’ ಎನ್ನುತ್ತಿದ್ದವನು, ಆಮೇಲೆ ‘ನೀನು’ ಎನ್ನುತ್ತಾನೆ. ಕಹಿ ಇಲ್ಲಿ ಬಿಟ್ಟುಹೋಯಿತು. ಆದರೆ ಕುದಿ ಬಂದಿತು. ಅದು ಈ ನಾಯಕನ ಸ್ವಭಾವಕ್ಕೂ ಹೊಂದುತ್ತದೆ. ಅವನಿಗೆ ನಾನು ಹಚ್ಚಿದ್ದ ‘ಪ್ರಕ್ಷುಬ್ಧ’ ಎಂಬ ವಿಶೇಷಣ, ಮುಂಗಾರಿನಲ್ಲಿ ಮೀನುಗಾರರಿಗೆ ಕೊಡುವ ಎಚ್ಚರಿಕೆಯಂತೆ ಓದಿಸಿಕೊಳ್ಳುತ್ತಿತ್ತು.

ಹೀಗೆ ಬಿಳಿಗೈಯವಳಿಗೆ ಅಕ್ಕರೆ, ಐರ್ಲೆಂಡಿನವಳಿಗೆ ಮರುಳು, ‘ಒಲವು’ ಯಾರಿಗೂ ಇಲ್ಲ ಎಂದು ಸದ್ಯಕ್ಕೆ ನಿಶ್ಚಯಿಸಿದ್ದೇನೆ. ಮರುಳಿಗೆ ಹುಚ್ಚು, ದಡ್ಡತನ ಎಂಬ ಕೀಳು ಅರ್ಥಗಳೂ ಇವೆ ಎಂಬುದು ನಿಜ. ಉತ್ತರ ಕರ್ನಾಟಕದ ಓದುಗರ ಕಿವಿಯಲ್ಲಿ ಅದು ‘ಮಳ್ಳ’ನಾಗಿ ನಗೆ ತರಿಸುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಕಥೆಯ ಕೊನೆಯದು. ವಿಷದ ಗಾಯದಿಂದ ಮಲಗಿದ ಟ್ರಿಸ್ಟನ್ ಮೊದಲ ಇಸೋಲ್ಡೆಯನ್ನು ಕರೆತರಲು ಹಡಗು ಕಳುಹಿಸಿದ್ದಾನೆ. ಅವಳು ಬರುತ್ತಿದ್ದರೆ ಬಿಳಿ ಹಾಯಿ, ಇಲ್ಲವಾದರೆ ಕಪ್ಪು ಹಾಯಿ ಎಂದು ಗುರುತು. ಬಿಳಿ ಹಾಯಿ ಕಾಣುತ್ತಿದ್ದರೂ ಹೆಂಡತಿ ಕಪ್ಪು ಎಂದು ಹೇಳುತ್ತಾಳೆ. ಅವನು ಗೋಡೆಯ ಕಡೆ ಮುಖ ತಿರುಗಿಸಿ ಸಾಯುತ್ತಾನೆ. ‘ಹಾಯಿ’ ಎಂದರೆ ನಮ್ಮಲ್ಲಿ ‘ಹಾಯಾಗಿ’ ಎನ್ನುವಾಗಿನ ಸುಖವೂ ಹೌದು. ಅಷ್ಟು ದಿನ ಅವನಿಗೆ ಹಾಯಿಯಾಗಿದ್ದವಳ ಬಾಯಲ್ಲೇ ‘ಹಾಯಿ ಕಪ್ಪು’ ಎಂಬ ಮಾತು ಬರುತ್ತದೆ. ಸುಖದ ಅರ್ಥದ ಆ ‘ಹಾಯಿ’ ನಾಮಪದವಾಗಿ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಅಥವಾ ‘ಹಾಯಾಗಿ’, ‘ಹಾಯೆನಿಸಿತು’ ಎಂಬ ರೂಪಗಳಲ್ಲಿ ಮಾತ್ರ ಉಳಿದಿದೆಯೇ? ನಾಮಪದವಾಗಿ ಇದೆ ಎಂದಾದರೆ ಹಿಂದಿನ ಅಧ್ಯಾಯದಲ್ಲಿ ಅದನ್ನು ಒಮ್ಮೆ ಬಿತ್ತಿಡುತ್ತೇನೆ. ಇಲ್ಲವಾದರೆ ಆ ಸಾಲಿಗೆ ಕೈಹಚ್ಚದೆ ಸುಮ್ಮನೆ ಬಿಡುತ್ತೇನೆ.