ಮುಷ್ಕರಕ್ಕೆ ಹೋದರೆ ಮಕ್ಕಳ ಊಟ? ಬಿಸಿಯೂಟದವರು ಅನುಭವ ಹೇಳಿ

ಶಿರಾ ತಾಲ್ಲೂಕಿನಿಂದ ಪ್ರಶ್ನೆ:
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಸಹಾಯಕಿಯಾಗಿದ್ದೇನೆ. ಗೌರವಧನ ಹೆಚ್ಚಿಸಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಇದೆ. ಹೋದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಅದಕ್ಕಿಂತ, ಮಕ್ಕಳು ಹಸಿದಿರುತ್ತಾರಲ್ಲ ಎಂಬುದೇ ಸಂಕಟ. ಹೋಗಿ ಬಂದವರು ತಿಳಿಸಿ.

ಗುಬ್ಬಿ, ಮುಖ್ಯ ಅಡುಗೆಯವರು:
ಹೇಳದೆ ಮಾತ್ರ ಹೋಗಬೇಡಿ ಅಕ್ಕ. ನಾವು ಮೊದಲ ಸಲ ಹಾಗೆಯೇ ಹೋದೆವು. ಹಾಜರಾತಿ ಪುಸ್ತಕದಲ್ಲಿ ಮೂರು ದಿನ ಗೈರು ಬಿತ್ತು, ಆ ತಿಂಗಳ ದುಡ್ಡು ಕೈಗೆ ಬರುವಷ್ಟರಲ್ಲಿ ಗೌರಿ ಹಬ್ಬ ಮುಗಿದಿತ್ತು. ಮುಂದಿನ ಸಲ ವಾರ ಮುಂಚೆಯೇ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ, ತಾಲ್ಲೂಕಿನ ಬಿಸಿಯೂಟ ನೋಡಿಕೊಳ್ಳುವ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಪತ್ರ ಕೊಟ್ಟೆವು. ನಮ್ಮ ನಕಲಿನ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಂಡೆವು. ಮೊಹರಿಗೆ ಗುಮಾಸ್ತರು ಹಿಂದೆಮುಂದೆ ನೋಡಿದರು. ನಾವು ಐವರೂ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆವು, ಊಟದ ಹೊತ್ತಿಗೆ ಮೊಹರು ಬಿತ್ತು. ಬೇರೆಯವರನ್ನು ಇಟ್ಟುಕೊಳ್ಳುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಮಧುಗಿರಿ:
ನಮ್ಮ ಶಾಲೆಯ ಮೂವರಲ್ಲಿ ಇಬ್ಬರು ಹೋದೆವು, ಒಬ್ಬರು ಉಳಿದರು. ಆ ದಿನ ಸಾರಿಲ್ಲ, ಬರೀ ಚಿತ್ರಾನ್ನ. ಮುಂಚೆಯೇ ಹೇಳಿದ್ದರಿಂದ ಇಬ್ಬರು ತಾಯಂದಿರು ಬಂದು ಈರುಳ್ಳಿ ಹೆಚ್ಚಿಕೊಟ್ಟರು.

ಪಾವಗಡ:
ಇದನ್ನು ನಾನು ಒಪ್ಪುವುದಿಲ್ಲ. ಒಬ್ಬರು ಉಳಿದರೂ ‘ಊಟ ನಡೆದಿದೆ’ ಎಂದು ವರದಿ ಹೋಗುತ್ತದೆ, ನಾವು ಬಿಸಿಲಲ್ಲಿ ಕುಳಿತದ್ದು ಲೆಕ್ಕಕ್ಕೇ ಬರುವುದಿಲ್ಲ. ಮಕ್ಕಳ ಹಸಿವಿನ ಹೊಣೆಯನ್ನು ಕಡಿಮೆ ಸಂಬಳದವಳ ತಲೆಗೇ ಏಕೆ ಕಟ್ಟುತ್ತಾರೆ? ಆದರೂ ನಿಜ ಹೇಳುತ್ತೇನೆ, ಆ ದಿನ ಹನ್ನೆರಡೂವರೆಗೆ ಧರಣಿಯಲ್ಲಿದ್ದ ಯಾರೂ ತಂದ ಬುತ್ತಿ ಬಿಚ್ಚಲಿಲ್ಲ.

ತುಮಕೂರು, ನಿವೃತ್ತ ಶಿಕ್ಷಕ:
ಅಮ್ಮ, ಲೆಕ್ಕ ಬಾಯಿಗೆ ಬರುವಂತಿರಲಿ. ಕೇಂದ್ರದ ಯೋಜನೆಯಲ್ಲಿ ನಿಗದಿಯಾದ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ, ಅದೂ ವರ್ಷಕ್ಕೆ ಹತ್ತು ತಿಂಗಳು. ಅದರಲ್ಲಿ ಕೇಂದ್ರ ಕೊಡುವುದು 600. ಮಿಕ್ಕಿದ್ದೆಲ್ಲ ರಾಜ್ಯದ್ದು. 2025ರ ಬಜೆಟ್‌ನಲ್ಲಿ ಸಾವಿರ ಹೆಚ್ಚಿಸುವುದಾಗಿ ಹೇಳಿದ್ದೂ ರಾಜ್ಯವೇ. ಹಾಗಾಗಿ ಮನವಿ ಬೆಂಗಳೂರಿಗೆ ಮಾತ್ರ ಹೋದರೆ ಸಾಲದು, ಸಂಸದರ ಕೈಗೂ ಒಂದು ಪ್ರತಿ ಕೊಡಿ. ನಿಮ್ಮಂಥವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಕೂಡಿದ 2013ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿದೆ, ಅದನ್ನೂ ಬರೆಯಿರಿ. ಆದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ ಬಗ್ಗೆ 2022ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಅಂಗನವಾಡಿಯವರದ್ದು. ವೇದಿಕೆಯಲ್ಲಿ ಎರಡನ್ನೂ ಬೆರೆಸಿ ಮಾತನಾಡುವವರಿದ್ದಾರೆ, ಅದನ್ನು ನಂಬಿ ಮನವಿಯಲ್ಲಿ ಸೇರಿಸಬೇಡಿ.

ಕುಣಿಗಲ್:
ಮಕ್ಕಳ ಸಂಖ್ಯೆಯ ವಿಷಯವನ್ನೂ ಬಿಡಬೇಡಿ. 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, 100ರವರೆಗೆ ಇಬ್ಬರು, ಆಮೇಲೆ ನೂರಕ್ಕೊಬ್ಬರು ಎಂಬುದು ನಿಯಮ. ನಮ್ಮಲ್ಲಿ 101 ಇದ್ದದ್ದು 98 ಆಯಿತು, ಮೂವರಲ್ಲಿ ಕಿರಿಯವಳು ಕೆಲಸ ಕಳೆದುಕೊಂಡು ಮನೆಗೆ ಹೋದಳು. ಅನ್ನದ ಪಾತ್ರೆ ಮಾತ್ರ ಅಷ್ಟೇ ಭಾರ! ಹಾಂ, ಬಿಪಿ ಮಾತ್ರೆ, ನೀರಿನ ಬಾಟಲಿ ಮರೆಯಬೇಡಿ.

ಶಿರಾದವರು, ಎರಡು ದಿನದ ನಂತರ:
ಎರಡು ಪತ್ರಕ್ಕೆ ಸಹಿ ಸಿಕ್ಕಿತು. ಮೂರನೆಯದಕ್ಕೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂದರು. ನಾಳೆ ಪಾತ್ರೆ ತೊಳೆದ ಮೇಲೆ ನಾವು ಮೂವರೂ ಹೋಗುತ್ತೇವೆ. ಅಲ್ಲಿ ಬೆಂಚಿದೆಯೋ ಇಲ್ಲವೋ, ಚಾಪೆ ಇಟ್ಟುಕೊಂಡಿದ್ದೇವೆ.